ಗೇಮ್ ಕನ್ಸೋಲಿನ ಬೆಲೆ ಎಲ್ಲಿ ಇಳಿಯುತ್ತದೆ?

(ಶಿರಸಿಯಲ್ಲಿ ವಾಣಿಜ್ಯ ವಿದ್ಯಾರ್ಥಿಗಳು ಮತ್ತು ಎಲೆಕ್ಟ್ರಾನಿಕ್ಸ್ ಅಂಗಡಿಯವರ ಎದುರು ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿ ತೆಗೆದು, ಹಲಗೆಯ ಮೇಲೆ ಹಾಕಿದ ಲೆಕ್ಕಗಳನ್ನು ಪೂರ್ತಿಯಾಗಿ ಕೊಟ್ಟಿದೆ.)

ಕಾರವಾರದ ಮೀನು ಮಾರುಕಟ್ಟೆಯಲ್ಲಿ ಬೆಳಿಗ್ಗೆ ಬಂಗಡೆಗೆ ಹೇಳಿದ ದರ ಸಂಜೆಗೆ ಉಳಿಯುವುದಿಲ್ಲ. ಹಾಳಾಗುವ ಮಾಲು, ಬುಟ್ಟಿಯಲ್ಲಿ ಉಳಿದರೆ ಮಾರುವವರಿಗೇ ನಷ್ಟ. ಶಿರಸಿಯ ಚಾಲಿ ಅಡಿಕೆಯ ಕತೆ ಬೇರೆ. ಇವತ್ತಿನ ಟೆಂಡರಿನಲ್ಲಿ ದರ ಬರದಿದ್ದರೆ ಚೀಲ ಕಟ್ಟಿಟ್ಟು ಕಾಯಬಹುದು. ಗೇಮ್ ಕನ್ಸೋಲ್ ಎಂದರೆ ವಿಡಿಯೋ ಗೇಮ್ ಆಡುವ ಪೆಟ್ಟಿಗೆ. ಅದರ ಬೆಲೆ ಇಳಿಯಿತು ಎಂದಾಗ ನಾವೆಲ್ಲ ಅದನ್ನು ಬಂಗಡೆಯ ಲೆಕ್ಕದಲ್ಲೇ ನೋಡುತ್ತೇವೆ. ಮಾಲು ಖರ್ಚಾಗಲಿಲ್ಲ, ಇಳಿಸಿದರು ಅಷ್ಟೆ. ಕೆಲವು ಸಲ ಅದು ನಿಜವೂ ಹೌದು, ಅಂಥ ಎರಡು ಪ್ರಸಂಗ ಮುಂದೆ ಬರುತ್ತವೆ. ಹೆಚ್ಚಿನ ಸಲ ಮಾತ್ರ ಆ ಇಳಿಕೆ ನಾಲ್ಕೈದು ವರ್ಷ ಮೊದಲೇ ತೀರ್ಮಾನವಾಗಿರುತ್ತದೆ. ಒಳಗಿನ ಚಿಪ್ ಯಾರದು, ಅದನ್ನು ಸಣ್ಣದು ಮಾಡುವ ಹಕ್ಕು ಯಾರಿಗಿದೆ, ಯಾವ ಭಾಗ ಕಾಲ ಕಳೆದ ಹಾಗೆ ಅಗ್ಗವಾಗುತ್ತದೆ, ಯಾವುದು ಆಗುವುದಿಲ್ಲ ಎಂದು ಕರಾರು ಬರೆಯುವ ದಿನವೇ ಅದು ನಿರ್ಧಾರವಾಗುತ್ತದೆ. ಅಂಗಡಿಯ ಬೋರ್ಡಿನಲ್ಲಿ ನಾವು ಕಾಣುವುದು ಅದರ ಕೊನೆಯ ಹಂತ.

ಮೊದಲು ನಷ್ಟದ ವಿಚಾರ. 2006ರ ನವೆಂಬರಿನಲ್ಲಿ ಸೋನಿ ಅಮೆರಿಕದಲ್ಲಿ ಪ್ಲೇಸ್ಟೇಷನ್ 3 ಬಿಟ್ಟಾಗ 60 ಜಿಬಿ ಮಾದರಿಗೆ 599 ಡಾಲರ್. ಐಸಪ್ಲೈ ಎಂಬ ಸಂಶೋಧನಾ ಸಂಸ್ಥೆ ಒಂದನ್ನು ಬಿಚ್ಚಿ, ಒಂದೊಂದು ಭಾಗಕ್ಕೂ ಬೆಲೆ ಕಟ್ಟಿ ಕೂಡಿಸಿದಾಗ ಬಂದದ್ದು ಸುಮಾರು 840 ಡಾಲರ್. ಅಂದರೆ ಒಂದು ಪೆಟ್ಟಿಗೆ ಮಾರಿದರೆ 240 ಡಾಲರ್ ಕೈಯಿಂದ ಹೋಯಿತು. ಜನರಿಗೆ ಅದೇ 599 ವಿಪರೀತ ದುಬಾರಿ ಎನಿಸಿತ್ತು, ಇತ್ತ ಕಂಪನಿಗೆ ಅಷ್ಟರಲ್ಲಿ ಅಸಲೂ ಹುಟ್ಟುತ್ತಿರಲಿಲ್ಲ. ಈ ನಷ್ಟ ತುಂಬುವುದು ಗೇಮುಗಳಿಂದ. ಡಿಜಿಟಲ್ ಅಂಗಡಿಯಲ್ಲಿ ಬೇರೆಯವರ ಗೇಮ್ ಮಾರಾಟವಾದರೂ ಸಾಮಾನ್ಯವಾಗಿ ನೂರಕ್ಕೆ 30 ಕನ್ಸೋಲ್ ಕಂಪನಿಗೆ ಸೇರುತ್ತದೆ. ಡಿಸ್ಕ್ ಮೇಲೂ ಪರವಾನಗಿ ಶುಲ್ಕ ಇರುತ್ತದೆ, ಆನ್‌ಲೈನ್ ಆಡಲು ಚಂದಾ ಬೇರೆ.

ಇಷ್ಟು ಕೇಳಿದ ಕೂಡಲೇ, ಗೇಮಿನಲ್ಲಿ ದುಡ್ಡಿದ್ದರೆ ಪೆಟ್ಟಿಗೆಯನ್ನು ಇನ್ನೂ ಅಗ್ಗ ಮಾಡಲಿ ಎನ್ನುತ್ತಾರೆ. ಒಂದು ಲೆಕ್ಕ ಹಾಕೋಣ. ಅಂಕಿಗಳು ನನ್ನ ಕಲ್ಪನೆಯವು, ಲೆಕ್ಕದ ಜಾಡು ಮಾತ್ರ ಉದ್ಯಮದ್ದು. ಒಂದು ಕನ್ಸೋಲ್ ಅಸಲಿಗೆ ಸರಿಯಾಗಿ, ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ವರ್ಷಕ್ಕೆ 10 ಲಕ್ಷ ಹೋಗುತ್ತಿದೆ. 4,000 ರೂಪಾಯಿ ಇಳಿಸಿದರೆ ಇನ್ನೂ 4 ಲಕ್ಷ ಜನ ಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ಹೊಸಬರು ತಲಾ ಹತ್ತು ಗೇಮ್ ಕೊಂಡು, ಒಂದೊಂದರಿಂದ ಕಂಪನಿಗೆ 1,200 ಬಂದರೆ ಒಬ್ಬರಿಂದ 12,000, ಒಟ್ಟು 480 ಕೋಟಿ. ಆದರೆ 4,000 ಬಿಟ್ಟುಕೊಟ್ಟದ್ದು ಹೊಸ 4 ಲಕ್ಷ ಜನರಿಗೆ ಮಾತ್ರ ಅಲ್ಲವಲ್ಲ! ಹಳೇ ಬೆಲೆಗೂ ಕೊಳ್ಳಲಿದ್ದ 10 ಲಕ್ಷ ಜನರಿಗೂ ಕೊಟ್ಟಾಯಿತು. 14 ಲಕ್ಷಕ್ಕೆ 4,000ದ ಹಾಗೆ 560 ಕೋಟಿ. ಹೋದದ್ದು 560, ಬಂದದ್ದು 480.

ಈಗ ಅದೇ ಪೆಟ್ಟಿಗೆಯ ತಯಾರಿ ಖರ್ಚು 2,500 ಕಡಿಮೆ ಆಗಿದೆ ಎನ್ನಿ. ಬೆಲೆ ಇಳಿಸದೆ ಕೂತರೆ 10 ಲಕ್ಷಕ್ಕೆ 250 ಕೋಟಿ ಲಾಭ. 4,000 ಇಳಿಸಿದರೆ ಒಂದೊಂದರ ಮೇಲೆ 1,500 ನಷ್ಟ, 14 ಲಕ್ಷಕ್ಕೆ 210 ಕೋಟಿ. ಗೇಮಿನ 480ರಲ್ಲಿ ಅದನ್ನು ಕಳೆದರೆ 270. ತಕ್ಕಡಿ ಈಗ ಇಳಿಸುವ ಕಡೆಗೆ ವಾಲಿತು. ಖರ್ಚು ಇಳಿಯದೆ ಬೆಲೆ ಇಳಿಸಿದವರು ಕೈ ಸುಟ್ಟುಕೊಳ್ಳುವುದು ಇದೇ ಕಾರಣಕ್ಕೆ. ಇನ್ನೊಂದು ಸಂಗತಿ: ಮಾಲೇ ಸಾಕಾಗದಿದ್ದಾಗ ಬೆಲೆ ಇಳಿಸುವುದು ಬರೀ ದಂಡ, ಹೆಚ್ಚುವರಿ ಗಿರಾಕಿಗೆ ಕೊಡಲು ಪೆಟ್ಟಿಗೆಯೇ ಇಲ್ಲವಲ್ಲ. 2006ರಲ್ಲಿ 249 ಡಾಲರಿಗೆ ಬಂದ ನಿಂಟೆಂಡೊ ವೀ ಬಹುಕಾಲ ಅಂಗಡಿಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಅವರು 199ಕ್ಕೆ ಇಳಿಸಿದ್ದು 2009ರ ಸೆಪ್ಟೆಂಬರಿನಲ್ಲಿ, ಹತ್ತಿರ ಹತ್ತಿರ ಮೂರು ವರ್ಷ ಕಳೆದ ಮೇಲೆ.

ಹಾಗಾದರೆ ಖರ್ಚು ಇಳಿಯುವುದು ಹೇಗೆ? ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಚಿಪ್ ತಯಾರಾಗುವುದು ಸಿಲಿಕಾನಿನ ದುಂಡನೆಯ ಬಿಲ್ಲೆಯ ಮೇಲೆ. ಅದಕ್ಕೆ ವೇಫರ್ ಎನ್ನುತ್ತಾರೆ, ಅಡ್ಡಳತೆ 300 ಮಿಲಿಮೀಟರ್. ಹೆಚ್ಚು ಕಡಿಮೆ ನಮ್ಮ ದೊಡ್ಡ ದೋಸೆ ಕಾವಲಿಯಷ್ಟು. ಕಾರ್ಖಾನೆ ಹಣ ಎಣಿಸುವುದು ವೇಫರಿನ ಲೆಕ್ಕದಲ್ಲಿ. ಒಂದು ವೇಫರಿನಲ್ಲಿ ಎಷ್ಟು ಚಿಪ್ ಕತ್ತರಿಸಬಹುದು ಎಂಬುದರ ಮೇಲೆ ಒಂದೊಂದರ ಅಸಲು ನಿಂತಿದೆ. ಅದೇ ನಕ್ಷೆಯನ್ನು ಇನ್ನೂ ಸೂಕ್ಷ್ಮ ಗೆರೆಗಳಲ್ಲಿ ಬರೆದರೆ ಚಿಪ್ ಚಿಕ್ಕದಾಗುತ್ತದೆ, ಎಣಿಕೆ ಹೆಚ್ಚುತ್ತದೆ. ಜತೆಗೆ, ವೇಫರಿನ ಮೇಲೆ ಅಲ್ಲಲ್ಲಿ ಬೀಳುವ ದೋಷದ ಚುಕ್ಕೆಗಳು ದೊಡ್ಡ ಚಿಪ್‌ಗಳನ್ನು ಹೆಚ್ಚು ಕೆಡಿಸುತ್ತವೆ. ಚಿಕ್ಕದಾದಷ್ಟೂ ಹಾಳು ಕಡಿಮೆ.

ಪ್ಲೇಸ್ಟೇಷನ್ 2ರಲ್ಲಿ ಇದು ಹೇಗೆ ನಡೆಯಿತು ನೋಡಿ. ಶುರುವಿನಲ್ಲಿ ಲೆಕ್ಕ ಮಾಡುವ ಚಿಪ್ ಬೇರೆ, ಚಿತ್ರ ಬಿಡಿಸುವ ಚಿಪ್ ಬೇರೆ. ಎರಡೂ ಸೇರಿ 500 ಚದರ ಮಿಲಿಮೀಟರಿಗಿಂತ ಹೆಚ್ಚು. 2003ರಲ್ಲಿ ಸೋನಿ ಎರಡನ್ನೂ ಕೂಡಿಸಿ 90 ನ್ಯಾನೋಮೀಟರ್ ತಂತ್ರದಲ್ಲಿ (ಈ ಸಂಖ್ಯೆ ಇಳಿದಷ್ಟೂ ಗೆರೆ ಸೂಕ್ಷ್ಮ) ಒಂದೇ ಚಿಪ್ ಮಾಡಿತು, ಅದರ ವಿಸ್ತೀರ್ಣ 86 ಚದರ ಮಿಲಿಮೀಟರ್. ಲಾಭ ಅಲ್ಲಿಗೇ ನಿಲ್ಲಲಿಲ್ಲ. ಚಿಕ್ಕ ಚಿಪ್ ಕಡಿಮೆ ಬಿಸಿಯಾಗುತ್ತದೆ. ಬಿಸಿ ಕಡಿಮೆ ಆದರೆ ಶಾಖ ಹೀರುವ ಲೋಹದ ಗಟ್ಟಿ ಸಣ್ಣದು ಸಾಕು, ಫ್ಯಾನ್ ಸಣ್ಣದು ಸಾಕು, ಪವರ್ ಸಪ್ಲೈ ಸಣ್ಣದು ಸಾಕು. ಆಗ ಪ್ಲಾಸ್ಟಿಕ್ ಕವಚ, ರಟ್ಟಿನ ಡಬ್ಬ ಎಲ್ಲ ಕುಗ್ಗಿ ಒಂದು ಕಂಟೇನರಿನಲ್ಲಿ ಹೆಚ್ಚು ಪೆಟ್ಟಿಗೆ ಹಿಡಿಯುತ್ತವೆ. ಮೊದಲು ಎರಡು ಕಿಲೋ ದಾಟುತ್ತಿದ್ದ ಪ್ಲೇಸ್ಟೇಷನ್ 2, 2004ರ ತೆಳು ಮಾದರಿಯಲ್ಲಿ ಸುಮಾರು 900 ಗ್ರಾಮಿಗೆ ಬಂತು. ಬೆಲೆಯ ಮೆಟ್ಟಿಲು ಹೀಗೆ ಇಳಿಯಿತು: 2000ದಲ್ಲಿ 299 ಡಾಲರ್, 2002ರಲ್ಲಿ 199, 2003ರಲ್ಲಿ 179, 2004ರಲ್ಲಿ 149, 2006ರಲ್ಲಿ 129, 2009ರಲ್ಲಿ 99. ಹೊಸ ಪ್ಲೇಸ್ಟೇಷನ್ 3 ಅಂಗಡಿಯಲ್ಲಿ ಇದ್ದಾಗಲೂ ಹಳೆಯದು ಪಕ್ಕದಲ್ಲೇ ಮಾರಾಟವಾಗುತ್ತಿತ್ತು. ತಯಾರಿಕೆ ನಿಂತದ್ದು 2013ರ ಆರಂಭಕ್ಕೆ, 15 ಕೋಟಿಗೂ ಮಿಕ್ಕಿ ಮಾರಿದ ಮೇಲೆ.

ಅದೇ ಕಾಲದ ಮೊದಲ ಎಕ್ಸ್‌ಬಾಕ್ಸಿಗೆ ಈ ದಾರಿ ಮುಚ್ಚಿತ್ತು. 2001ರಲ್ಲಿ ಮೈಕ್ರೋಸಾಫ್ಟ್ ಅವಸರದಲ್ಲಿ ಕಣಕ್ಕಿಳಿದಿತ್ತು. ಪ್ರೊಸೆಸರನ್ನು ಇಂಟೆಲ್‌ನಿಂದ, ಗ್ರಾಫಿಕ್ಸ್ ಚಿಪ್ ಅನ್ನು ಎನ್‌ವಿಡಿಯಾದಿಂದ ಸಿದ್ಧ ಮಾಲಾಗಿ ಕೊಂಡಿತು. ನಕ್ಷೆ ಅವರದು, ಹಕ್ಕು ಅವರದು. ಎರಡನ್ನೂ ಕೂಡಿಸಿ ಒಂದು ಮಾಡುವುದಾಗಲಿ, ಬೇರೆ ಕಾರ್ಖಾನೆಗೆ ಒಯ್ದು ಸಣ್ಣದು ಮಾಡಿಸುವುದಾಗಲಿ ಸಾಧ್ಯವಿರಲಿಲ್ಲ. 2002ರ ಮೇ ತಿಂಗಳಲ್ಲಿ ಸೋನಿ 199ಕ್ಕೆ ಇಳಿಸಿದ ಮರುದಿನವೇ ಮೈಕ್ರೋಸಾಫ್ಟ್ ಕೂಡ 199 ಎಂದಿತು. ಸೋನಿಯ ಖರ್ಚು ಇಳಿದಿತ್ತು, ಇವರದು ಸಾಕಷ್ಟು ಇಳಿದಿರಲಿಲ್ಲ. ಚಿಪ್‌ನ ದರದ ಮೇಲೆ ಎನ್‌ವಿಡಿಯಾ ಜತೆ ಜಗಳವಾಗಿ ಮಧ್ಯಸ್ಥಿಕೆಗೆ ಹೋಯಿತು, 2003ರ ಫೆಬ್ರವರಿಯಲ್ಲಿ ರಾಜಿಯಾಯಿತು. ಗಿರಾಕಿಯ ಕಣ್ಣಿಗೆ ಎರಡೂ ಒಂದೇ ಬೆಲೆಯ ಪೆಟ್ಟಿಗೆಗಳು. ಒಳಗಿನ ಲೆಕ್ಕಪುಸ್ತಕಗಳಿಗೆ ಸಂಬಂಧವೇ ಇರಲಿಲ್ಲ.

ಮೈಕ್ರೋಸಾಫ್ಟ್ ಪಾಠ ಕಲಿತದ್ದು ಮುಂದಿನ ಸಲ. 2005ರ ಎಕ್ಸ್‌ಬಾಕ್ಸ್ 360ಕ್ಕೆ ಐಬಿಎಂ ಮತ್ತು ಎಟಿಐ ಕಂಪನಿಗಳಿಂದ ನಕ್ಷೆಯ ಹಕ್ಕನ್ನೇ ಪಡೆದು, ತಯಾರಿಕೆಯನ್ನು ತಾನೇ ಕಾರ್ಖಾನೆಗಳಿಗೆ ಒಪ್ಪಿಸಿತು. 2010ರ ತೆಳು ಮಾದರಿಯಲ್ಲಿ ಎರಡು ಮುಖ್ಯ ಚಿಪ್‌ಗಳು 45 ನ್ಯಾನೋಮೀಟರಿನಲ್ಲಿ ಒಂದಾದದ್ದು ಆ ಕರಾರಿನ ಫಲ. ಬೆಲೆ ಇಳಿಕೆ ಐದು ವರ್ಷ ಮೊದಲೇ ನಿರ್ಧಾರ ಆಗಿರುತ್ತದೆ ಎಂದೆನಲ್ಲ, ಅದು ಇದು.

ಚಿಪ್ ಒಂದೇ ಅಲ್ಲ, ಉಳಿದ ಭಾಗಗಳಿಗೂ ಒಂದೊಂದು ಸ್ವಭಾವ ಇದೆ. ಮೊದಲ ಎಕ್ಸ್‌ಬಾಕ್ಸಿನಲ್ಲಿ 8 ಜಿಬಿ ಹಾರ್ಡ್ ಡಿಸ್ಕ್ ಇತ್ತು. ಹಾರ್ಡ್ ಡಿಸ್ಕಿನ ಗುಣ ಏನೆಂದರೆ ಅದೇ ದುಡ್ಡಿಗೆ ವರ್ಷ ವರ್ಷ ಹೆಚ್ಚು ಜಿಬಿ ಸಿಗುತ್ತದೆ, ಆದರೆ ಕಡಿಮೆ ಜಿಬಿ ಸಾಕು ಎಂದವರಿಗೆ ದುಡ್ಡು ಇಳಿಯುವುದಿಲ್ಲ. ಮೋಟಾರು, ಓದುವ ಕಡ್ಡಿ, ಅಲ್ಯೂಮಿನಿಯಂ ಕವಚ ಇವು 8 ಜಿಬಿಗೂ ಬೇಕು, 80ಕ್ಕೂ ಬೇಕು. ಅಲ್ಲಿಗೊಂದು ತಳ ಸಿಕ್ಕಿಬಿಡುತ್ತದೆ. 360ರಲ್ಲಿ ಹಾರ್ಡ್ ಡಿಸ್ಕ್ ಇಲ್ಲದ ಅಗ್ಗದ ಮಾದರಿಯನ್ನು ಮೊದಲ ದಿನದಿಂದಲೇ ಇಟ್ಟಿದ್ದು ಈ ತಳ ತಪ್ಪಿಸಲಿಕ್ಕೆ. ಅದರಿಂದಾಗಿಯೇ 2008ರ ಸೆಪ್ಟೆಂಬರಿನಲ್ಲಿ ಆರ್ಕೇಡ್ ಎಂಬ ಆ ಅಗ್ಗದ ಮಾದರಿ 199 ಡಾಲರಿಗೆ, ಆಗ 249 ಇದ್ದ ವೀಗಿಂತ ಕೆಳಗೆ ಬರಲು ಸಾಧ್ಯವಾಯಿತು. ಮೆಮೊರಿ ಚಿಪ್‌ಗಳ ದರ ನಮ್ಮ ಕಾಳುಮೆಣಸಿನ ಹಾಗೆ, ಏರುವುದೂ ಉಂಟು ಇಳಿಯುವುದೂ ಉಂಟು, ಭರವಸೆ ಇಡುವಂತಿಲ್ಲ.

ಖರ್ಚು ಇಳಿಯುವವರೆಗೆ ಕಾಯಲಾಗದಿದ್ದರೆ ಕಿತ್ತು ಹಾಕುವುದು ಇನ್ನೊಂದು ಉಪಾಯ. ಪ್ಲೇಸ್ಟೇಷನ್ 3 ಮೊದಲ ವರ್ಷವೇ ಸೋತು ಕೂತಾಗ ಸೋನಿ 2007ರ ನವೆಂಬರಿಗೆ ಅಮೆರಿಕದಲ್ಲಿ 399 ಡಾಲರಿನ 40 ಜಿಬಿ ಮಾದರಿ ತಂದಿತು. ಅದರಲ್ಲಿ ಪ್ಲೇಸ್ಟೇಷನ್ 2ರ ಗೇಮ್ ಓಡುವುದಿಲ್ಲ. ಯುಎಸ್‌ಬಿ ಕಿಂಡಿ ನಾಲ್ಕಿದ್ದದ್ದು ಎರಡು. ಮೆಮೊರಿ ಕಾರ್ಡ್ ಓದುವ ಸೀಳು ಮಾಯ. ಯುಎಸ್‌ಬಿ ಕಿಂಡಿಗೆ ಎಷ್ಟು ಉಳಿದೀತು ಎಂದು ನಗಬೇಡಿ. ಕನೆಕ್ಟರ್, ಬೋರ್ಡಿನ ಜಾಗ, ಬೆಸುಗೆ, ಪರೀಕ್ಷೆ ಎಲ್ಲ ಸೇರಿ ಒಂದು ಡಾಲರ್ ಉಳಿದರೂ ಒಂದು ಕೋಟಿ ಪೆಟ್ಟಿಗೆಗೆ ಒಂದು ಕೋಟಿ ಡಾಲರ್. ನಿಜವಾದ ಇಳಿಕೆ ಬಂದದ್ದು 2009ರಲ್ಲಿ. ಶುರುವಿನ ತಯಾರಿ ಖರ್ಚಿಗೆ ಹೋಲಿಸಿದರೆ ನೂರಕ್ಕೆ ಸುಮಾರು 70ರಷ್ಟು ಕಡಿಮೆ ಆಗಿದೆ ಎಂದು ಸೋನಿಯ ಹಣಕಾಸು ಮುಖ್ಯಸ್ಥರೇ ಹೇಳಿದ ಬೆನ್ನಿಗೆ, 45 ನ್ಯಾನೋಮೀಟರಿನ ಮುಖ್ಯ ಚಿಪ್ ಇದ್ದ ತೆಳು ಮಾದರಿ 299 ಡಾಲರಿಗೆ ಬಂತು. ಎಕ್ಸ್‌ಬಾಕ್ಸ್ ಒನ್ ಕತೆಯೂ ಇಂಥದ್ದೇ. 2013ರಲ್ಲಿ ಆಡುವವರ ಚಲನೆ ಗುರುತಿಸುವ ಕಿನೆಕ್ಟ್ ಕ್ಯಾಮೆರಾ ಸಮೇತ 499, 2014ರ ಜೂನ್‌ನಲ್ಲಿ ಕ್ಯಾಮೆರಾ ಬಿಟ್ಟು 399. ಕಿತ್ತದ್ದರಿಂದ ತೊಂದರೆ ಆದದ್ದು ಕಿನೆಕ್ಟಿಗಾಗಿ ಗೇಮ್ ಬರೆಯುತ್ತಿದ್ದವರಿಗೆ. ಎಲ್ಲರ ಮನೆಯಲ್ಲೂ ಇದೆ ಎಂದು ನಂಬಿದ್ದ ವಸ್ತು ಮುಂದೆ ಎಲ್ಲರ ಮನೆಯಲ್ಲಿ ಇರುವುದಿಲ್ಲ ಎಂದಾಯಿತು.

ಈಗ ಬಂಗಡೆ ಪ್ರಸಂಗಗಳು. 2011ರ ಮಾರ್ಚಿನಲ್ಲಿ ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ 3ಡಿಎಸ್ ಅಮೆರಿಕಕ್ಕೆ 249.99 ಡಾಲರಿಗೆ ಬಂತು. ಆಡಲು ಒಳ್ಳೆಯ ಗೇಮ್ ಇರಲಿಲ್ಲ, ಮಾರಾಟ ಕುಸಿಯಿತು. ಐದು ತಿಂಗಳೂ ತುಂಬದೆ, ಆಗಸ್ಟ್ 12ಕ್ಕೆ 169.99. ಒಂದೇ ಏಟಿಗೆ 80 ಡಾಲರ್. ಇದು ಖರ್ಚು ಇಳಿದದ್ದರಿಂದ ಆದದ್ದಲ್ಲ, ನಷ್ಟ ನುಂಗಿ ಮಾಡಿದ ಕೆಲಸ. ಅಧ್ಯಕ್ಷ ಸತೋರು ಇವಾಟ ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು. ಇಲ್ಲಿ ಗಮನಿಸಬೇಕಾದ್ದು ಘೋಷಣೆಯ ತಾರೀಕು: ಜುಲೈ 28. ಜಾರಿಗೆ ಬರಲು ಎರಡು ವಾರ. ಆ ಎರಡು ವಾರ ಯಾರು ಕೊಳ್ಳುತ್ತಾರೆ? ಮೊದಲೇ ಕೊಂಡವರ ಸಿಟ್ಟು ಬೇರೆ. ಇಳಿಕೆಗೆ ಮೊದಲು ಕೊಂಡು ಅವರ ಆನ್‌ಲೈನ್ ಅಂಗಡಿಗೆ ಒಮ್ಮೆ ಜೋಡಿಸಿದವರಿಗೆಲ್ಲ 20 ಹಳೆಯ ಗೇಮ್ ಪುಕ್ಕಟೆ ಕೊಡುತ್ತೇವೆ ಎಂದರು. ಉಪಾಯ ಚೊಕ್ಕವಾಗಿದೆ. ಹಳೆಯ ಗೇಮ್‌ಗಳ ತಯಾರಿ ಖರ್ಚು ಎಂದೋ ತೀರಿದೆ, ಕೊಟ್ಟರೆ ಹೋಗುವುದೇನಿಲ್ಲ, ಆ ಎರಡು ವಾರವೂ ಮಾರಾಟ ಪೂರ್ತಿ ನಿಲ್ಲುವುದಿಲ್ಲ. ಮುಂದೆ ಗೇಮ್‌ಗಳು ಬಂದವು, 3ಡಿಎಸ್ ಬದುಕಿತು. ಸೆಗಾ ಡ್ರೀಮ್‌ಕಾಸ್ಟಿಗೆ ಆ ಅದೃಷ್ಟ ಇರಲಿಲ್ಲ. 1999ರಲ್ಲಿ 199 ಡಾಲರ್, 2000ದಲ್ಲಿ 149, ತಯಾರಿಕೆ ನಿಲ್ಲಿಸುತ್ತೇವೆಂದು 2001ರ ಜನವರಿ ಕೊನೆಗೆ ಹೇಳಿ 99. ಕೊನೆಯದು ಬುಟ್ಟಿ ಖಾಲಿ ಮಾಡುವ ದರ.

ಕಾಯಂ ಆಗಿ ಇಳಿಸಲು ಮನಸ್ಸಿಲ್ಲದವರು ಎರಡು ಅಡ್ಡದಾರಿ ಹಿಡಿಯುತ್ತಾರೆ. ಒಂದು, ಅದೇ ಬೆಲೆಗೆ ಗೇಮ್ ಸೇರಿಸಿ ಕೊಡುವುದು. ಗಿರಾಕಿಗೆ 60 ಡಾಲರಿನ ಮಾಲು ಸಿಕ್ಕ ಸಮಾಧಾನ, ತಮ್ಮದೇ ಗೇಮ್ ಆದರೆ ಕಂಪನಿಗೆ ಬೀಳುವ ಖರ್ಚು ಅದರ ಒಂದು ತುಣುಕು. ಇನ್ನೊಂದು, ಹಬ್ಬದ ಕೊಡುಗೆ. 2018ರ ನವೆಂಬರಿನಲ್ಲಿ ಒಂದು ಗೇಮ್ ಜತೆ ಪ್ಲೇಸ್ಟೇಷನ್ 4 ಅಮೆರಿಕದಲ್ಲಿ 199 ಡಾಲರಿಗೆ ಸಿಕ್ಕಿತು, ವಾರ ಕಳೆದ ಮೇಲೆ ಮತ್ತೆ 299. ತಾತ್ಕಾಲಿಕ ಇಳಿಕೆಯನ್ನು ವಾಪಸು ಏರಿಸಿದರೆ ಯಾರೂ ಬೈಯುವುದಿಲ್ಲ, ಕಾಯಂ ಇಳಿಸಿದ್ದನ್ನು ಏರಿಸಿದರೆ ಸುದ್ದಿಯಾಗುತ್ತದೆ.

ಸುದ್ದಿ ಆಗಿಯೂ ಆಯಿತು. ಪ್ಲೇಸ್ಟೇಷನ್ 5 ಅಮೆರಿಕದಲ್ಲಿ 2020ರಲ್ಲಿ 499 ಡಾಲರ್, 2025ರ ಆಗಸ್ಟಿನಲ್ಲಿ 549. ಎಕ್ಸ್‌ಬಾಕ್ಸ್ ಸೀರೀಸ್ ಎಸ್ 2020ರಲ್ಲಿ 299 ಇದ್ದದ್ದು 2025ರಲ್ಲಿ ಎರಡು ಸಲ ಏರಿ 399 ಆಯಿತು. ಐದು ವರ್ಷದ ಹಳೆಯ ಪೆಟ್ಟಿಗೆ ಹೊಸದರಲ್ಲಿ ಇದ್ದುದಕ್ಕಿಂತ ದುಬಾರಿ! ಪ್ಲೇಸ್ಟೇಷನ್ 2ರ ಮೆಟ್ಟಿಲು ನೆನಪಿದ್ದವರಿಗೆ ಇದು ತಲೆಕೆಳಗು ಎನಿಸುತ್ತದೆ.

ಕಾರಣ ಹುಡುಕಲು ಮತ್ತೆ ಆ ದೋಸೆ ಕಾವಲಿಗೇ ಹೋಗಬೇಕು. ಪ್ಲೇಸ್ಟೇಷನ್ 5ರ ಮುಖ್ಯ ಚಿಪ್ ಶುರುವಿನಲ್ಲಿ 7 ನ್ಯಾನೋಮೀಟರಿನದು, ಸುಮಾರು 308 ಚದರ ಮಿಲಿಮೀಟರ್. 300 ಮಿಲಿಮೀಟರ್ ವೇಫರಿನಲ್ಲಿ ಅಂಚಿನ ತುಂಡು ಬಿಟ್ಟು ಲೆಕ್ಕ ಹಾಕಿದರೆ 190ರ ಹತ್ತಿರ ಹಿಡಿಯುತ್ತವೆ. 2022ರ ಮಾದರಿಯಲ್ಲಿ 6 ನ್ಯಾನೋಮೀಟರಿಗೆ ಹೋಗಿ ಚಿಪ್ ಸುಮಾರು 260 ಚದರ ಮಿಲಿಮೀಟರಿಗೆ ಇಳಿಯಿತು, ಈಗ ಒಂದು ವೇಫರಿನಲ್ಲಿ 230ರಷ್ಟು ಹಿಡಿಯುತ್ತವೆ. ಐದನೇ ಒಂದು ಪಾಲು ಹೆಚ್ಚು, ಅಷ್ಟೆ. 500ರಿಂದ 86ಕ್ಕೆ ಇಳಿದ ಕಾಲದ ಎದುರು ಇದು ಏನೇನೂ ಅಲ್ಲ. ಮುಂದಿನ ಹಂತಕ್ಕೆ ಹೋಗೋಣ ಎಂದರೆ ಆ ವೇಫರಿನ ದರವೇ ಬಹಳ ಮೇಲಿದೆ, ಎಣಿಕೆಯಲ್ಲಿ ಗಳಿಸಿದ್ದು ದರದಲ್ಲಿ ಹೋಗುತ್ತದೆ.

ಹಾಗೆಂದು ಸೋನಿ ಖರ್ಚು ಇಳಿಸಲಿಲ್ಲ ಎಂದಲ್ಲ. ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5ರ ಡಬ್ಬದ ಮೇಲಿನ ಮಾದರಿ ಸಂಖ್ಯೆ ನೋಡಿ. ಸಿಎಫ್‌ಐ-1000 ಎಂದಿದ್ದರೆ ತೂಕ 4.5 ಕಿಲೋ. 1100 ಸರಣಿಯಲ್ಲಿ 4.2. 1200ರಲ್ಲಿ 3.9. ತಕ್ಕಡಿಯ ಮೇಲಿಟ್ಟರೆ ನಿಮಗೇ ಗೊತ್ತಾಗುತ್ತದೆ. ಹೋದ ಆ 600 ಗ್ರಾಮಿನಲ್ಲಿ ಶಾಖ ಹೀರುವ ಲೋಹದ್ದೇ ದೊಡ್ಡ ಪಾಲು. ತೂಕ ಇಳಿಯಿತು, ಬೆಲೆ ಇಳಿಯಲಿಲ್ಲ. ಉಳಿಸಿದ್ದನ್ನು ಸಾಗಾಟ, ಭಾಗಗಳ ದರ, ನಾಣ್ಯದ ವಿನಿಮಯ, ಆಮೇಲೆ ಅಮೆರಿಕದ ಆಮದು ಸುಂಕ ಒಂದೊಂದಾಗಿ ನುಂಗಿದವು. 2025ರಲ್ಲಿ ಯುರೋಪಿನಲ್ಲಿ ಇನ್ನೊಂದು ಆಟ ನಡೆಯಿತು. ಡಿಸ್ಕ್ ಡ್ರೈವ್ ಇಲ್ಲದ ಪ್ಲೇಸ್ಟೇಷನ್ 5ರಲ್ಲಿ ಬೆಲೆ ಹಾಗೇ ಇಟ್ಟು ಸಂಗ್ರಹವನ್ನು 1 ಟಿಬಿಯಿಂದ 825 ಜಿಬಿಗೆ ತಂದರು. ಐದು ರೂಪಾಯಿಯ ಬಿಸ್ಕೆಟ್ ಪೊಟ್ಟಣ ವರ್ಷ ವರ್ಷ ತೆಳ್ಳಗಾಗುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ನಮ್ಮ ದೇಶದ ಲೆಕ್ಕಕ್ಕೆ ಬರೋಣ. ಇಲ್ಲಿ ಕನ್ಸೋಲ್ ಆಮದು ಮಾಲು. ಮೂಲ ಸುಂಕ ಶೇ 20 ಹಿಡಿದರೆ, ಅದರ ಹತ್ತನೇ ಒಂದು ಪಾಲು ಸಮಾಜ ಕಲ್ಯಾಣ ಮೇಲ್ತೆರಿಗೆ, ಎಲ್ಲದರ ಮೇಲೆ ಜಿಎಸ್‌ಟಿ. ಅದು ಮೊದಲು 28 ಇತ್ತು, 2019ರ ಜನವರಿ 1ರಿಂದ 18 ಆಯಿತು. ಬಂದರಿನಲ್ಲಿ 100 ರೂಪಾಯಿಯ ಮಾಲು ಮೊದಲು 122, ಆಮೇಲೆ ಹತ್ತಿರ ಹತ್ತಿರ 144. ಹಾಗಾಗಿ ಅಲ್ಲಿ ಆಗುವ ಸಾವಿರ ರೂಪಾಯಿ ವ್ಯತ್ಯಾಸ ಇಲ್ಲಿ 1,440 ಆಗಿ ಕಾಣುತ್ತದೆ, ಏರಲಿ ಇಳಿಯಲಿ. ಪ್ಲೇಸ್ಟೇಷನ್ 5 ಇಲ್ಲಿಗೆ ಬಂದದ್ದು 2021ರ ಫೆಬ್ರವರಿ 2ರಂದು, 49,990ಕ್ಕೆ. ಆಗ ಡಾಲರ್ ಸುಮಾರು 73 ರೂಪಾಯಿ. 2022ರ ನವೆಂಬರಿನಲ್ಲಿ ಇಲ್ಲಿಯ ಬೆಲೆ 54,990 ಆಯಿತು, ಆಗ ಡಾಲರ್ ಸುಮಾರು 82. ಬಂದರಿಗೆ 400 ಡಾಲರಿಗೆ ಮುಟ್ಟುತ್ತದೆ ಎಂದು ಉದಾಹರಣೆಗೆ ಹಿಡಿಯಿರಿ. 29,200 ಇದ್ದದ್ದು 32,800 ಆಯಿತು, ವ್ಯತ್ಯಾಸ 3,600. ಅದನ್ನು 1.44ರಿಂದ ಗುಣಿಸಿದರೆ 5,184. ಕಂಪನಿ ಏರಿಸಿದ್ದು 5,000. 400 ಎಂಬುದು ನನ್ನ ಅಂದಾಜು, ಆದರೂ ರೂಪಾಯಿ ಬಿದ್ದಾಗ ಚಿಪ್ ಎಷ್ಟು ಸಣ್ಣದಾದರೂ ಇಲ್ಲಿಗೆ ಅದರ ಫಲ ಯಾಕೆ ಮುಟ್ಟುವುದಿಲ್ಲ ಎಂದು ಇದರಲ್ಲಿ ಕಾಣುತ್ತದೆ.

ಈಗ ಕಂಪನಿ ನಿಜಕ್ಕೂ ಐದು ಸಾವಿರ ಇಳಿಸಿತು ಎನ್ನಿ. 54,990ರಲ್ಲಿ ಮಾಲಿನ ಮೌಲ್ಯ 46,602, ತೆರಿಗೆ 8,388. 49,990 ಆದರೆ 42,364 ಮತ್ತು 7,626. ಅಂದರೆ ಕಂಪನಿ, ವಿತರಕ, ಅಂಗಡಿ ಸೇರಿ ಹೊರುವುದು 4,237 ರೂಪಾಯಿ, ಉಳಿದ 763 ತೆರಿಗೆಯಲ್ಲೇ ಕಡಿಮೆ ಆಗುತ್ತದೆ.

ಅಂಗಡಿಯವರಿಗೆ ನಿದ್ದೆ ಬಿಡಿಸುವ ಭಾಗ ಇದು: ಹಳೇ ದರಕ್ಕೆ ಕೊಂಡ ಮಾಲು ಗೋದಾಮಿನಲ್ಲಿದೆ. ಇದಕ್ಕೆ ಉದ್ಯಮದಲ್ಲಿ ಪ್ರೈಸ್ ಪ್ರೊಟೆಕ್ಷನ್ ಎಂಬ ವ್ಯವಸ್ಥೆ ಇದೆ. ಇಳಿಕೆಯ ದಿನ ಕೈಯಲ್ಲಿರುವ ಮಾಲಿಗೆ ವ್ಯತ್ಯಾಸವನ್ನು ಕ್ರೆಡಿಟ್ ನೋಟ್ ಮೂಲಕ ವಾಪಸು ಕೊಡುತ್ತಾರೆ. ಕೇಳಲು ಸರಳ, ಕೈಗೆ ಬರುವುದು ಕಷ್ಟ. ಸಾಮಾನ್ಯವಾಗಿ ಇಂತಿಷ್ಟು ದಿನದೊಳಗೆ ಕೊಂಡದ್ದಕ್ಕೆ ಮಾತ್ರ ಎಂಬ ಷರತ್ತು ಇರುತ್ತದೆ. 8 ಪೆಟ್ಟಿಗೆ ಇದ್ದು, 30 ದಿನದ ಷರತ್ತಿನೊಳಗೆ ಬರುವುದು 5 ಆದರೆ, ಉಳಿದ 3ಕ್ಕೆ ತಲಾ 4,237ರ ಹಾಗೆ 12,711 ರೂಪಾಯಿ ನಿಮ್ಮ ಕೈಯಿಂದ. ಕನ್ಸೋಲಿನ ಮೇಲೆ ಅಂಗಡಿಗೆ ಸಿಗುವ ಲಾಭಾಂಶ ಮೊದಲೇ ತೆಳು. ಮೂರು ಪೆಟ್ಟಿಗೆಯ ನಷ್ಟ ಎಂಟರ ಲಾಭವನ್ನು ತಿಂದು ಹಾಕುತ್ತದೆ.

ಬೆಲೆ ಇಳಿಕೆಯ ಸುತ್ತೋಲೆ ಬಂದ ದಿನ ಮಾಡಬೇಕಾದ್ದು ಇಷ್ಟು. ಮೊದಲು ಮಾರಾಟ ನಿಲ್ಲಿಸಿ, ಪ್ರತಿ ಡಬ್ಬದ ಸೀರಿಯಲ್ ನಂಬರ್ ಓದಿ ಬರೆದುಕೊಂಡು ಫೋಟೋ ತೆಗೆಯಿರಿ. ಬರೀ ಎಣಿಕೆ ಕಳಿಸಿದರೆ ತಿರಸ್ಕಾರವಾಗುತ್ತದೆ, ಅವರು ನೋಡುವುದು ಸೀರಿಯಲನ್ನೇ. ಖರೀದಿ ಬಿಲ್ ಜತೆಗಿಟ್ಟು ಗಡುವಿನೊಳಗೆ ಕಳಿಸಿ. ತಪ್ಪಾಗುವ ಜಾಗಗಳು ಮೂರ್ನಾಲ್ಕು ಇವೆ. ಪ್ರದರ್ಶನಕ್ಕೆ ಬಿಚ್ಚಿಟ್ಟ ಪೆಟ್ಟಿಗೆಗೆ ಬಹುತೇಕ ಕೊಡುವುದಿಲ್ಲ. ಹುಬ್ಬಳ್ಳಿಯಿಂದ ಹೊರಟು ಅರಬೈಲ್ ಘಟ್ಟದಲ್ಲಿ ಮಳೆಗೆ ನಿಂತ ಲಾರಿಯೊಳಗಿನ ಮಾಲು ವಿತರಕರ ಲೆಕ್ಕದಲ್ಲೂ ಇಲ್ಲ, ನಿಮ್ಮದರಲ್ಲೂ ಇಲ್ಲ. ಅದನ್ನು ದಾರಿಯಲ್ಲಿರುವ ಮಾಲು ಎಂದು ಸಾಗಾಟದ ರಸೀದಿ ಸಮೇತ ಪ್ರತ್ಯೇಕವಾಗಿ ಬರೆಯಿರಿ. ಹಬ್ಬದ ಅವಸರಕ್ಕೆ ಪಕ್ಕದೂರಿನ ಅಂಗಡಿಯಿಂದ ತಂದ ಎರಡು ಪೆಟ್ಟಿಗೆಯ ಸೀರಿಯಲ್ ಅವರ ಹೆಸರಿನಲ್ಲಿರುತ್ತದೆ, ಕ್ರೆಡಿಟ್ ನೋಟ್ ಅವರಿಗೇ ಹೋಗುತ್ತದೆ. ನಿಂಟೆಂಡೊ ಸ್ವಿಚ್ ಇಟ್ಟವರಂತೂ ಈ ಮಾತು ಮರೆತುಬಿಡಿ. ಅದಕ್ಕೆ ಇಲ್ಲಿ ಕಂಪನಿಯ ಅಧಿಕೃತ ಮಾರಾಟ ಜಾಲವೇ ಇಲ್ಲ, ಖಾಸಗಿಯಾಗಿ ಬಂದ ಮಾಲಿಗೆ ರಕ್ಷಣೆ ಕೊಡುವವರಾರು?

ಇನ್ನು ಚೀಟಿ. ಇಳಿದ ಎಂಆರ್‌ಪಿಯ ಹೊಸ ಚೀಟಿ ಅಂಟಿಸಲು ಅವಕಾಶ ಇದೆ, ಆದರೆ ಡಬ್ಬದ ಮೇಲೆ ಮುದ್ರಿಸಿದ ಹಳೆಯ ಎಂಆರ್‌ಪಿಯನ್ನು ಅದು ಮುಚ್ಚಬಾರದು. ಎರಡೂ ಕಾಣಬೇಕು. ಅಂದ ಕೆಡುತ್ತದೆಂದು ಹಳೆಯದರ ಮೇಲೇ ನೀಟಾಗಿ ಅಂಟಿಸಿದವರು ಕಾನೂನು ಮಾಪನಶಾಸ್ತ್ರ ಇಲಾಖೆಗೆ ಉತ್ತರ ಹೇಳಬೇಕಾಗುತ್ತದೆ. ಏರಿಸುವ ಚೀಟಿಯನ್ನು ಅಂಗಡಿಯವರು ಅಂಟಿಸುವ ಹಾಗೇ ಇಲ್ಲ.

ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸಿದೆ.

ಮುಂದಿನ ಸಾಲಿನಲ್ಲಿ ಕೂತಿದ್ದ ವಿದ್ಯಾರ್ಥಿಯೊಬ್ಬ, "ಸರ್, ಹಾಗಾದ್ರೆ ಈಗ ತಗೊಳ್ಳೋದಾ, ಇಳಿಯೋ ತನಕ ಕಾಯೋದಾ?" ಎಂದು ಕೇಳಿದ. ತಮಾ, ಕಾಯಂ ಇಳಿಕೆಗೆ ಕಾಯುವುದಾದರೆ ಪ್ಲೇಸ್ಟೇಷನ್ 2ರ ಕಾಲ ಮುಗಿದಿದೆ ಎಂದು ತಿಳಿದು ಕಾಯಿ. ಹಬ್ಬದ ಕೊಡುಗೆಗೆ ಕಾಯುವುದು ಲಾಭವೇ. ಆದರೆ ಆಗ ಬೆಲೆ ಒಂದನ್ನೇ ನೋಡಬೇಡ. ಡಬ್ಬದ ಮಾದರಿ ಸಂಖ್ಯೆ, ಸಂಗ್ರಹ ಎಷ್ಟು ಜಿಬಿ, ಡಿಸ್ಕ್ ಡ್ರೈವ್ ಇದೆಯಾ, ಎಷ್ಟು ಕಂಟ್ರೋಲರ್ ಇದೆ ಎಂದು ನೋಡು. ಡಿಸ್ಕ್ ಇಲ್ಲದ್ದು ಐದಾರು ಸಾವಿರ ಅಗ್ಗಕ್ಕೆ ಸಿಕ್ಕಿತೆಂದು ಕೊಂಡರೆ, ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಳ್ಳುವ, ಗೆಳೆಯರ ಜತೆ ಬದಲಿಸಿಕೊಳ್ಳುವ ದಾರಿ ಮುಚ್ಚಿತು. ವರ್ಷಕ್ಕೆ ನಾಲ್ಕು ಗೇಮ್ ಆಡುವವನಾದರೆ ಆ ಉಳಿತಾಯ ಎರಡನೇ ವರ್ಷಕ್ಕೆ ಉಳಿಯುವುದಿಲ್ಲ.

ಕಾರವಾರದಿಂದ ಬಂದಿದ್ದ ಅಂಗಡಿಯವರೊಬ್ಬರದು ಇನ್ನೊಂದು ಪ್ರಶ್ನೆ: ದೀಪಾವಳಿಗೆ ಎಷ್ಟು ತರಿಸಿಡುವುದು? ಕರಾವಳಿಯಲ್ಲಿ ಜೂನ್, ಜುಲೈ ಮೀನುಗಾರಿಕೆ ನಿಷೇಧದ ತಿಂಗಳು, ಕೈಯಲ್ಲಿ ದುಡ್ಡು ಓಡಾಡುವುದಿಲ್ಲ. ಅದನ್ನು ನೋಡಿ ವಿತರಕರು ಆಗ ಹೆಚ್ಚಿನ ರಿಯಾಯಿತಿಗೆ ಮಾಲು ತಳ್ಳಲು ನೋಡುತ್ತಾರೆ. ಜುಲೈನಲ್ಲಿ ತುಂಬಿಸಿದ್ದು ಅಕ್ಟೋಬರಿನ ಇಳಿಕೆಗೆ ಯಾವ ಷರತ್ತಿನ ಗಡುವಿನೊಳಗೂ ಬರುವುದಿಲ್ಲ. ಹಿಂದಿನ ಎರಡು ದೀಪಾವಳಿಯ ಬಿಲ್ ತೆಗೆದು, ಗಡುವು 30 ದಿನ ಇದ್ದರೆ ಆ 30 ದಿನದಲ್ಲಿ ಎಷ್ಟು ಹೋಗಿತ್ತೋ ಅಷ್ಟೇ ತರಿಸಿ. ಕಡಿಮೆ ಬಿದ್ದರೆ ಹುಬ್ಬಳ್ಳಿಯಿಂದ ಒಂದೆರಡು ದಿನದಲ್ಲಿ ತರಿಸಬಹುದು. ಗಡುವು ಎಷ್ಟು ದಿನ ಎಂಬುದನ್ನು ಫೋನಿನಲ್ಲಿ ಕೇಳಿ ಬಿಡಬೇಡಿ, ಆರ್ಡರ್ ಹಾಕುವ ಮೊದಲು ಇಮೇಲಿನಲ್ಲಿ ಬರೆಸಿಕೊಳ್ಳಿ.